ಕಾಯುವ ಕೈಗೆ ಕುಡಿಯುವ ನೀರು

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ – ಈ ಮೂರು ಮಾತು ನಮ್ಮ ಸಭೆಗಳಲ್ಲಿ ಯಾವಾಗಲೂ ಇದ್ದದ್ದೇ. ಇವತ್ತು ಅವನ್ನು ಸ್ವಲ್ಪ ಬದಿಗಿಟ್ಟು ಇನ್ನೊಂದು ತರಹದ ಕೊಡು-ಕೊಳ್ಳುವ ವ್ಯವಹಾರದ ಬಗ್ಗೆ ಮಾತಾಡೋಣ. ಅದು ಹೀಗಿದೆ: ಒಂದು ಊರಿನ ಜನ ತಮ್ಮ ಕಾಡನ್ನೋ, ನದಿ ದಂಡೆಯನ್ನೋ, ಮೀನು ಮರಿ ಮಾಡುವ ಜಾಗವನ್ನೋ ಹಾಳಾಗದಂತೆ ಕಾಯುತ್ತಾರೆ. ಅದಕ್ಕೆ ಪ್ರತಿಯಾಗಿ ಆ ಊರಿಗೆ ಶುದ್ಧ ಕುಡಿಯುವ ನೀರಿನ ಟಾಕಿ, ಪೈಪು, ಶಾಲೆ, ದವಾಖಾನೆ, ಹೀಗೆ ಊರೇ ಕೇಳಿದ ಒಂದು ಸೌಲಭ್ಯ ಸಿಗುತ್ತದೆ. ಸಮುದ್ರದ ನಡುವೆ ಇರುವ ದ್ವೀಪಗಳ ಹಳ್ಳಿಗಳಲ್ಲಿ ಇಂತಹ ಒಪ್ಪಂದಗಳು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಕೊಂಡು ಬಂದಿವೆ.

“ಸಿಸ್ಟರ್, ನಮ್ಮ ಕಡೆ ಸಮುದ್ರ ಎಲ್ಲೈತ್ರಿ? ದ್ವೀಪದ ಮಾತು ನಮಗ್ಯಾಕ್ರಿ?” ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮಗೆ ಬೇಕಾದದ್ದಕ್ಕೆ ಎರಡು ಕಾರಣಗಳಿವೆ. ಒಂದು, ನಮ್ಮ ಜಿಲ್ಲೆಯಲ್ಲೇ ಒಂದು ನಡುಗಡ್ಡೆ ಇದೆ – ಗಂಗಾವತಿ ತಾಲ್ಲೂಕಿನ ವಿರುಪಾಪುರಗಡ್ಡೆ. ಅಲ್ಲಿ ಸಂರಕ್ಷಣೆಯ ಹೆಸರಿನಲ್ಲಿ ಏನು ನಡೆಯಿತು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಎರಡು, ಕುಡಿಯುವ ನೀರಿನ ಮಟ್ಟಿಗೆ ಹೇಳುವುದಾದರೆ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಎಷ್ಟೋ ಹಳ್ಳಿಗಳು ದ್ವೀಪಗಳೇ ಆಗಿವೆ. ನೀರು ಇದೆ, ಆದರೆ ಕುಡಿಯುವಂತಿಲ್ಲ.

ದ್ವೀಪದ ಬಾವಿ, ನಮ್ಮ ಬೋರು

ಮೊದಲು ದ್ವೀಪದ ನೀರಿನ ಕಥೆ ತಿಳಿಯೋಣ. ಸಣ್ಣ ದ್ವೀಪದ ಸುತ್ತ ಉಪ್ಪುನೀರು. ಕೆಳಗೆ ಅಗೆದರೂ ಆಳದಲ್ಲಿ ಉಪ್ಪುನೀರೇ. ಆದರೆ ಮಳೆ ಬಿದ್ದಾಗ ಸಿಹಿನೀರು ನೆಲದೊಳಗೆ ಇಳಿದು, ಆ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ನೀರಿನ ಮೇಲೆ ಎಣ್ಣೆ ನಿಂತ ಹಾಗೆ ಅಂದುಕೊಳ್ಳಿ. ಊರಿನ ಜನ ಆ ತೆಳುವಾದ ಸಿಹಿನೀರನ್ನು ಬಾವಿಯಿಂದ ಸೇದಿ ಕುಡಿಯುತ್ತಾರೆ. ಆಸೆ ಮಾಡಿ ಪಂಪು ಇಟ್ಟು ಹೆಚ್ಚು ಎತ್ತಿದರೆ ಕೆಳಗಿನ ಉಪ್ಪುನೀರು ಮೇಲಕ್ಕೆ ಏರಿ ಬಾವಿ ಕೆಡುತ್ತದೆ. ಗುಡ್ಡದ ಕಾಡು ಕಡಿದರೆ ಮಳೆನೀರು ನೆಲಕ್ಕೆ ಇಳಿಯದೆ ಮಣ್ಣಿನ ಸಮೇತ ಸಮುದ್ರಕ್ಕೆ ಓಡುತ್ತದೆ. ಆದ್ದರಿಂದ ಅಲ್ಲಿ ಕಾಡು ಕಾಯುವ ಕೆಲಸ ಮತ್ತು ಕೊಡ ತುಂಬುವ ಕೆಲಸ ಬೇರೆ ಬೇರೆ ಅಲ್ಲ.

ಈಗ ನಮ್ಮ ಊರಿಗೆ ಬರೋಣ. ನಮ್ಮ ಕಡೆ ನೆಲದ ಕೆಳಗೆ ಕಗ್ಗಲ್ಲು. ಮೇಲಿನ ಪದರದಲ್ಲಿ ಮಳೆಯಿಂದ ಇಳಿದ ನೀರು ಇರುವತನಕ ನಮ್ಮ ಹಿರಿಯರು ಸೇದುವ ಬಾವಿ, ಕೆರೆ, ಹಳ್ಳದ ಒರತೆಯ ನೀರು ಕುಡಿದರು. ಮೇಲಿನ ನೀರು ಬತ್ತಿದ ಮೇಲೆ ಬೋರು ಬಂತು. ಬೋರು ಆಳ ಆಳಕ್ಕೆ ಹೋಯಿತು. ಆಳದ ನೀರು ಬಹಳ ಕಾಲ ಕಲ್ಲಿನ ಸಂದಿಯಲ್ಲಿ ನಿಂತ ನೀರು. ಕಲ್ಲಿನಲ್ಲಿದ್ದ ಫ್ಲೋರೈಡ್ ಅದರಲ್ಲಿ ಕರಗಿಕೊಂಡಿರುತ್ತದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎಂದು ನಮ್ಮ ದೇಶದ ನಿಯಮ ಹೇಳುತ್ತದೆ. ಅದಕ್ಕಿಂತ ಹೆಚ್ಚಾದ ನೀರನ್ನು ಮಕ್ಕಳು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಎಷ್ಟು ಉಜ್ಜಿದರೂ ಆ ಕಲೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದವರಿಗೆ ಮೊಣಕಾಲು, ಸೊಂಟ, ಬೆನ್ನು ಬಿಗಿಯುತ್ತವೆ. “ನೀರು ಕಾಸಿ ಕುಡಿದರೆ ಆಗೋದಿಲ್ಲೇನ್ರಿ?” ಎಂದು ಕೇಳುವವರಿದ್ದಾರೆ. ಕಾಸಿದರೆ ರೋಗದ ಕ್ರಿಮಿ ಸಾಯುತ್ತವೆ, ನಿಜ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ದ್ವೀಪದವರಿಗೆ ಉಪ್ಪು, ನಮಗೆ ಫ್ಲೋರೈಡ್. ಇಬ್ಬರಿಗೂ ಪಾಠ ಒಂದೇ: ಮೇಲಿನಿಂದ ಇಳಿಯುವ ನೀರನ್ನು ಕಾಯದಿದ್ದರೆ ಕೆಳಗಿನ ಕೆಟ್ಟ ನೀರೇ ಗತಿ.

ಸಮೋವಾ ದೇಶದ ಒಂದು ಹಳ್ಳಿ

ದೂರದ ಪೆಸಿಫಿಕ್ ಮಹಾಸಾಗರದಲ್ಲಿ ಸಮೋವಾ ಎಂಬ ಚಿಕ್ಕ ದೇಶ. ಅಲ್ಲಿ ಸವಾಯಿ ಎಂಬ ದ್ವೀಪದ ಮೇಲೆ ಫಲೆಯಾಲುಪೊ ಎಂಬ ಹಳ್ಳಿ. ಆ ಹಳ್ಳಿಗೆ ಸುಮಾರು 30,000 ಎಕರೆ ಮಳೆಕಾಡು ಇತ್ತು. 1988ರಲ್ಲಿ ಆ ಊರಿಗೆ ಒಂದು ಸಂಕಟ ಬಂತು. ಮಕ್ಕಳಿಗೆ ಒಳ್ಳೆಯ ಶಾಲೆ ಕಟ್ಟಿಸಲೇಬೇಕು, ಕೈಯಲ್ಲಿ ಹಣವಿಲ್ಲ. ಹಣಕ್ಕಾಗಿ ಊರಿನ ಹಿರಿಯರು ಮರ ಕಡಿಯುವ ಕಂಪನಿಗೆ ಕಾಡು ಕೊಡಲು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಆಗ ಅಲ್ಲಿ ಔಷಧಿ ಗಿಡಗಳ ಅಧ್ಯಯನ ಮಾಡುತ್ತಿದ್ದ ಪಾಲ್ ಕಾಕ್ಸ್ ಎಂಬ ಅಮೆರಿಕದ ವಿಜ್ಞಾನಿ, ಶಾಲೆಯ ಹಣ ನಾನು ಹೊಂದಿಸುತ್ತೇನೆ, ನೀವು ಕಾಡು ಉಳಿಸಿ ಎಂದು ಮಾತು ಕೊಟ್ಟರು. ಬೇಕಾಗಿದ್ದದ್ದು ಸುಮಾರು 65 ಸಾವಿರ ಡಾಲರ್. ಹಿರಿಯರು ಕಾಡನ್ನು 50 ವರ್ಷ ಕಾಯುತ್ತೇವೆ ಎಂದು ಒಪ್ಪಂದ ಮಾಡಿದರು.

ಇಲ್ಲಿ ಒಂದು ಮಾತನ್ನು ಗಮನಿಸಿ. ಕಾಡು ಊರಿನದಾಗಿಯೇ ಉಳಿಯಿತು. ಯಾರಿಗೂ ಮಾರಲಿಲ್ಲ, ಬರೆದು ಕೊಡಲಿಲ್ಲ. ಔಷಧಿಯ ಎಲೆ, ಬೇರು ತರುವ, ದೋಣಿಗೆ ಮರ ತರುವ ಹಳೆಯ ರೂಢಿಯನ್ನೂ ಬಿಡಲಿಲ್ಲ. ಬಿಟ್ಟದ್ದು ಕಂಪನಿಗೆ ಕಡಿಯಲು ಕೊಡುವುದನ್ನು ಮಾತ್ರ. 1997ರಲ್ಲಿ ಆ ಊರಿನ ಮುಖಂಡ ಫುಯೊನೊ ಸೆನಿಯೊ ಮತ್ತು ವಿಜ್ಞಾನಿ ಕಾಕ್ಸ್ ಇಬ್ಬರಿಗೂ ಕೂಡಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಓದಿದ ವಿಜ್ಞಾನಿಗೆ ಎಷ್ಟು ಗೌರವವೋ ಹಳ್ಳಿಯ ಮುಖಂಡನಿಗೂ ಅಷ್ಟೇ ಗೌರವ.

ಈ ಅನುಭವದಿಂದ 1991ರಲ್ಲಿ ಸೀಕಾಲಜಿ ಎಂಬ ಸಂಸ್ಥೆ ಹುಟ್ಟಿತು. ಅದು ಬೇರೆ ಬೇರೆ ದೇಶಗಳ ದ್ವೀಪದ ಹಳ್ಳಿಗಳಿಗೆ ಹೋಗಿ “ನಿಮ್ಮ ಊರಿಗೆ ಏನು ಬೇಕು? ಅದಕ್ಕೆ ಪ್ರತಿಯಾಗಿ ನೀವು ಏನನ್ನು ಕಾಯುತ್ತೀರಿ?” ಎಂದು ಕೇಳುತ್ತದೆ. ಕೆಲವು ಊರವರು ಶಾಲೆ ಕೇಳಿದರು, ಕೆಲವರು ಸಮುದಾಯ ಭವನ ಕೇಳಿದರು, ಅನೇಕರು ಕುಡಿಯುವ ನೀರಿನ ಟಾಕಿ ಮತ್ತು ಪೈಪು ಕೇಳಿದರು. ದೂರದಿಂದ ಕೊಡ ಹೊರುವವರು ಯಾರೆಂದು ನಮಗೆ ಹೇಳಬೇಕಾಗಿಲ್ಲ. ಅಲ್ಲೂ ಹೆಂಗಸರೇ, ಹೆಣ್ಣುಮಕ್ಕಳೇ.

ಶ್ರೀಲಂಕಾದ ಹೆಂಗಸರ ಸಂಘಗಳು

ನಮಗೆ ಇನ್ನೂ ಹತ್ತಿರದ ಉದಾಹರಣೆ ಶ್ರೀಲಂಕಾದ್ದು. ಅಲ್ಲಿ ಸಮುದ್ರದ ಅಂಚಿನ ಕೆಸರಿನಲ್ಲಿ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಗಿಡಗಳ ಕಾಡು ಇದೆ. ಮೀನು, ಸೀಗಡಿ ಮರಿ ಮಾಡುವುದು ಅದರ ಬೇರುಗಳ ನಡುವೆ. ಬಿರುಗಾಳಿ ಬಂದಾಗ ಅಲೆಯ ಹೊಡೆತ ತಡೆಯುವುದೂ ಅದೇ. ಬಡವರು ಕಟ್ಟಿಗೆಗಾಗಿ ಕಡಿಯುತ್ತಿದ್ದರು, ಸೀಗಡಿ ಹೊಂಡದವರು ಎಕರೆಗಟ್ಟಲೆ ಸವರಿಬಿಟ್ಟಿದ್ದರು. 2015ರಲ್ಲಿ ಸೀಕಾಲಜಿ ಮತ್ತು ಅಲ್ಲಿನ ಸುದೀಸ ಎಂಬ ಸಣ್ಣ ಮೀನುಗಾರರ ಸಂಸ್ಥೆ ಸರ್ಕಾರದ ಜೊತೆ ಸೇರಿ ಒಂದು ಯೋಜನೆ ಹಾಕಿಕೊಂಡವು. 1,500 ಊರು-ಕೇರಿಗಳ 15,000 ಬಡ ಹೆಂಗಸರಿಗೆ ಕಸುಬಿನ ತರಬೇತಿ ಮತ್ತು ಸಣ್ಣ ಸಾಲ ಕೊಡುವುದು, ಪ್ರತಿ ಊರಿನವರು ತಮ್ಮ ಪಕ್ಕದ ಕಾಂಡ್ಲಾ ಕಾಡನ್ನು ಕಾಯುವುದು – ಇದು ಆ ಯೋಜನೆಯ ಗುರಿ.

ನಮ್ಮ ಸಂಘಗಳಂತೆಯೇ ಅಲ್ಲವೇ? ನಾವೂ ಗುಂಪಾಗಿ ಸಾಲ ಪಡೆಯುತ್ತೇವೆ, ಗುಂಪಾಗಿ ಜವಾಬ್ದಾರಿ ಹೊರುತ್ತೇವೆ. ಒಬ್ಬಾಕೆ ಕಂತು ಕಟ್ಟದಿದ್ದರೆ ಉಳಿದವರು ಅವಳ ಮನೆಗೆ ಹೋಗಿ ಕೇಳುತ್ತೇವೆ. ಅದೇ ಶಿಸ್ತನ್ನು ಒಂದು ಕೆರೆಗೆ, ಒಂದು ಹಳ್ಳಕ್ಕೆ, ಒಂದು ಗುಡ್ಡಕ್ಕೆ ಹಚ್ಚಿದರೆ ಕಾಯುವ ಕೆಲಸ ಆಗುತ್ತದೆ. ಇದಕ್ಕೆ ಹೊಸದಾಗಿ ಸಂಘ ಕಟ್ಟಬೇಕಾಗಿಲ್ಲ. ಕಟ್ಟಿದ್ದು ನಮ್ಮ ಹತ್ತಿರವೇ ಇದೆ.

ನಮ್ಮ ವಿರುಪಾಪುರಗಡ್ಡೆ

ಈಗ ನಮ್ಮ ನಡುಗಡ್ಡೆಗೆ ಬರೋಣ. ಹಂಪಿಯ ಎದುರು ದಂಡೆಗೆ ತುಂಗಭದ್ರೆಯ ಕವಲುಗಳ ನಡುವೆ ವಿರುಪಾಪುರಗಡ್ಡೆ ಇದೆ. ಬಂಡೆಗಲ್ಲು, ಭತ್ತದ ಗದ್ದೆ, ಬಾಳೆ ತೋಟ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. 1988ರಲ್ಲಿ ಸರ್ಕಾರದ ಅಧಿಸೂಚನೆ ಬಂದು ಈ ಗಡ್ಡೆಯೂ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ಆದರೂ 1990ರ ದಶಕದಿಂದ ಹೊರದೇಶದ ಪ್ರವಾಸಿಗರಿಗಾಗಿ ಒಂದೊಂದೇ ಹೋಟೆಲು, ರೆಸಾರ್ಟು ಎದ್ದವು. 2019ರ ಆಗಸ್ಟ್ ತಿಂಗಳಲ್ಲಿ ಹೊಳೆ ಉಕ್ಕಿ ಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರ್ ತಂದು ಪಾರು ಮಾಡಬೇಕಾಯಿತು. ಹೋಟೆಲುಗಳು ಕಾನೂನಿಗೆ ವಿರುದ್ಧ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2020ರ ಫೆಬ್ರವರಿಯಲ್ಲಿ ಕೋರ್ಟು ತೆರವು ಮಾಡುವುದನ್ನು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಜೆಸಿಬಿಗಳು ಬಂದವು. ಅದೇ ತಿಂಗಳ ಕೊನೆಗೆ ಕೊರೊನಾ ಲಾಕ್‌ಡೌನ್ ಕೂಡ ಬಂತು.

ಕೋರ್ಟಿನ ತೀರ್ಪಿನ ಬಗ್ಗೆ ನಮ್ಮ ತಕರಾರಿಲ್ಲ. ಹಳೆಯ ಕಲ್ಲು, ಹೊಳೆ, ಬಂಡೆ ಉಳಿಯಬೇಕು. ಹೋಟೆಲು ಹೆಚ್ಚಾದ ಕಡೆ ಹೊಲಸು ನೀರು ಕೊನೆಗೆ ಹೊಳೆಗೇ ಸೇರುತ್ತದೆ. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಮಾಲೀಕರಿಗೆ ವಕೀಲರಿದ್ದರು. ಇಂತಹ ಹೋಟೆಲುಗಳಲ್ಲಿ ಪಾತ್ರೆ ತೊಳೆದು, ರೂಮು ಗುಡಿಸಿ, ಹಾಸಿಗೆ ಬಟ್ಟೆ ಒಗೆದು ದಿನದ ಕೂಲಿ ಪಡೆಯುವ ಹೆಂಗಸರ ಪರವಾಗಿ ಯಾರು ಮಾತಾಡುತ್ತಾರೆ? 1988ರಿಂದ 2020ರ ತನಕ 32 ವರ್ಷ. ಈ ಜಾಗ ಉಳಿಯಬೇಕಾದರೆ ಕಟ್ಟಡ ಬೇಡ, ಅದಕ್ಕೆ ಬದಲು ನಿಮ್ಮ ಊರಿಗೆ ಈ ಕೆಲಸ, ಈ ನೀರು, ಈ ಸೌಕರ್ಯ ಎಂದು ಮೊದಲ ದಿನವೇ ಕೂತು ಮಾತಾಡಿ, ಬರೆದು, ಸಹಿ ಮಾಡುವುದಕ್ಕೆ 32 ವರ್ಷ ಸಾಕಾಗಿತ್ತು. ಫಲೆಯಾಲುಪೊದಲ್ಲಿ ಕಾಯುವ ಕೆಲಸ ಒಪ್ಪಂದವಾಗಿ ಬಂತು. ಇಲ್ಲಿ ಅದು ಆದೇಶವಾಗಿ ಬಂತು. ಒಪ್ಪಂದದಲ್ಲಿ ಎರಡು ಕೈ ಇರುತ್ತವೆ, ಆದೇಶದಲ್ಲಿ ಒಂದೇ ಕೈ.

ನೀರುನಾಯಿಯ ಹೊಳೆಯಲ್ಲಿ ನಮ್ಮ ಜಾಗ

ಇಂತಹ ಆದೇಶ ಇನ್ನು ಬರುವುದಿಲ್ಲ ಎಂದು ತಿಳಿಯಬೇಡಿ. 2015ರಲ್ಲಿ ಸರ್ಕಾರ ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ತನಕ ಸುಮಾರು 34 ಕಿ.ಮೀ. ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ದೇಶದಲ್ಲಿ ನೀರುನಾಯಿಗಾಗಿಯೇ ಆದ ಮೊದಲ ಮೀಸಲು ಅದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ವನ್ಯಜೀವಿ ಧಾಮವೂ ಆಗಿದೆ.

“ನೀರುನಾಯಿ ಕಾಯ್ದರೆ ನಮಗೇನು ಬಂತು?” ಎಂದರೆ, ನೀರುನಾಯಿಯ ಆಹಾರ ಮೀನು. ಅದು ಬದುಕಿದ್ದರೆ ಹೊಳೆಯಲ್ಲಿ ಮೀನಿದೆ, ನೀರು ಇನ್ನೂ ಜೀವ ಹಿಡಿದಿದೆ ಎಂದರ್ಥ. ಅದಕ್ಕೆ ಶತ್ರುವಾದದ್ದೆಲ್ಲ ನಮಗೂ ಶತ್ರು: ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ಎತ್ತುವುದು, ಊರಿನ ಗಟಾರ ಹೊಳೆಗೆ ಬಿಡುವುದು, ಗದ್ದೆಗೆ ಔಷಧಿ ಹೊಡೆದ ಡಬ್ಬಿ ಮತ್ತು ಪಂಪನ್ನು ಕಾಲುವೆಯಲ್ಲಿ ತೊಳೆಯುವುದು. ಅದೇ ಹೊಳೆಯ ನೀರನ್ನು ದಂಡೆಗುಂಟ ಇರುವ ಊರುಗಳು ಕುಡಿಯುತ್ತವೆ.

ಇದರಲ್ಲಿ ನಮಗೆ ಉಪಯೋಗವಾಗುವ ಒಂದು ಕಾನೂನಿನ ಮಾತಿದೆ. ಸಂರಕ್ಷಣಾ ಮೀಸಲು ಎಂದರೆ ಅಭಯಾರಣ್ಯದ ಹಾಗಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಂತೆ, ಅದನ್ನು ಘೋಷಿಸುವ ಮೊದಲು ಸ್ಥಳೀಯ ಜನರ ಜೊತೆ ಸಮಾಲೋಚನೆ ಮಾಡಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ, ಆ ಮೀಸಲು ಯಾವ ಯಾವ ಗ್ರಾಮ ಪಂಚಾಯತಿಯ ವ್ಯಾಪ್ತಿಗೆ ಬರುತ್ತದೋ ಆ ಪ್ರತಿ ಪಂಚಾಯತಿಯಿಂದ ಒಬ್ಬ ಪ್ರತಿನಿಧಿ ಇರಬೇಕು. ಅಂದರೆ ಕುರ್ಚಿ ಇದೆ. ಆ ಕುರ್ಚಿಯ ಮೇಲೆ ಯಾರು ಕೂತಿದ್ದಾರೆ, ಸಭೆ ಯಾವಾಗ ಆಯಿತು, ಏನು ಮಾತಾಡಿದರು ಎಂದು ಹೊಳೆದಂಡೆಯ ಸಂಘಗಳು ಪಂಚಾಯತಿಯಲ್ಲಿ ಕೇಳಬೇಕು. ಅದೇ ರೀತಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕಾಗದದ ಮೇಲೆ ಮಾತ್ರ ಇದೆಯೋ, ನಿಜವಾಗಿ ಇದೆಯೋ ನೋಡಿ.

ಹಿರೇಹಳ್ಳ ಕಲಿಸಿದ್ದು

ಹೊರಗಿನವರು ಬಂದು ಒಪ್ಪಂದ ಮಾಡಲಿ ಎಂದು ಕಾಯುತ್ತ ಕೂರಬೇಕಾಗಿಲ್ಲ ಎಂಬುದಕ್ಕೆ ನಮ್ಮ ಹಿರೇಹಳ್ಳವೇ ಸಾಕ್ಷಿ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಸೇರಿ ಇಪ್ಪತ್ತು ಕಿ.ಮೀ.ಗೂ ಹೆಚ್ಚು ಉದ್ದ ಹಳ್ಳವನ್ನು ಸ್ವಚ್ಛ ಮಾಡಿದರು. ಜಾಲಿ ಕಂಟಿ, ಹೂಳು, ಕಸ ತೆಗೆದರು. ಕೆಲವರು ಹಣ ಕೊಟ್ಟರು, ಕೆಲವರು ಯಂತ್ರ ಕೊಟ್ಟರು, ಸಾವಿರಾರು ಜನ ದುಡಿಮೆ ಕೊಟ್ಟರು. ಅಲ್ಲಿ ಜಾತಿ, ಧರ್ಮ, ಪಕ್ಷ ಯಾವುದೂ ಅಡ್ಡ ಬರಲಿಲ್ಲ. ಹಳ್ಳಕ್ಕೆ ನಾವು ದುಡಿಮೆ ಕೊಟ್ಟೆವು, ಹಳ್ಳ ನಮಗೆ ನೀರು ಕೊಡುತ್ತದೆ. ಇದೂ ಒಂದು ಒಪ್ಪಂದವೇ.

ಆದರೆ ಸ್ವಚ್ಛ ಮಾಡುವುದು ಒಂದು ಹಂಗಾಮಿನ ಕೆಲಸ, ಕಾಯುವುದು ವರ್ಷವಿಡೀ ಮಾಡುವ ಕೆಲಸ. ಕಾಯದಿದ್ದರೆ ಎರಡು ಮಳೆಗಾಲದಲ್ಲಿ ಜಾಲಿ ಮತ್ತೆ ಬೆಳೆಯುತ್ತದೆ, ಪ್ಲಾಸ್ಟಿಕ್ ಮತ್ತೆ ತುಂಬುತ್ತದೆ. ಹೂಳಿನ ಬೆಲೆ ಎಷ್ಟೆಂದು ತುಂಗಭದ್ರಾ ಅಣೆಕಟ್ಟನ್ನು ನೋಡಿದರೆ ತಿಳಿಯುತ್ತದೆ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಅಣೆಕಟ್ಟು ಈಗ ಹಿಡಿಯುವುದು 105 ಟಿ.ಎಂ.ಸಿ. ಮಾತ್ರ. ಮೇಲಿನ ಗುಡ್ಡ, ಹೊಲಗಳಿಂದ ಕೊಚ್ಚಿ ಬಂದ ಮಣ್ಣು ಉಳಿದ ಜಾಗವನ್ನು ನುಂಗಿದೆ.

ನೀರು ನಮ್ಮ ಹಕ್ಕಲ್ಲವೇ?

ಇಲ್ಲಿ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ. “ಕುಡಿಯೋ ನೀರು ನಮ್ಮ ಹಕ್ಕು. ಹಕ್ಕನ್ನು ಪಡೆಯಲಿಕ್ಕೆ ನಾವ್ಯಾಕ ಬದಲಿ ಕೊಡಬೇಕು? ಪ್ಯಾಟ್ಯಾಗಿನವರಿಗೆ ಯಾರಾದರೂ ಗುಡ್ಡ ಕಾಯ್ರಿ ಅಂತ ಹೇಳ್ತಾರೇನ್ರಿ?” ಈ ಪ್ರಶ್ನೆ ನ್ಯಾಯವಾದದ್ದು. ಶುದ್ಧ ನೀರು ಬದುಕುವ ಹಕ್ಕಿನ ಭಾಗ ಎಂದು ನಮ್ಮ ನ್ಯಾಯಾಲಯಗಳು ಹೇಳಿವೆ. ಆದ್ದರಿಂದ ಸರ್ಕಾರ ಕೊಡಬೇಕಾದ ನೀರಿಗೆ ಯಾವ ಷರತ್ತನ್ನೂ ನಾವು ಒಪ್ಪಬಾರದು. ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಮನೆಯ ನಳಕ್ಕೇ ಬರಬೇಕು ಎಂದು ಹೇಳಿತು. ಕೃಷ್ಣಾ ನದಿಯ ನೀರನ್ನು ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಿಗೆ ತರುವ ಬಹುಗ್ರಾಮ ಯೋಜನೆಯೂ ಇದೆ. ಅದು ನಮಗೆ ಬರಬೇಕಾದದ್ದು. ಅದನ್ನು ಕೇಳುವಾಗ ಕೈ ಮುಗಿಯುವುದು ಬೇಡ, ಅರ್ಜಿ ಕೊಟ್ಟು ರಸೀದಿ ಪಡೆಯೋಣ.

ಹಾಗಾದರೆ ಒಪ್ಪಂದ ಯಾತಕ್ಕೆ? ಹಕ್ಕು ಎಂಬುದು ನಳವನ್ನು ತರುತ್ತದೆ. ನಳದಲ್ಲಿ ನೀರು ಬರುವುದು ಮೂಲ ಉಳಿದರೆ ಮಾತ್ರ. ಕೆರೆಯ ಅಂಗಳವನ್ನು ಒತ್ತುವರಿ ಮಾಡಿದವರನ್ನು ತಡೆಯುವುದು, ಗೋಮಾಳದ ಗಿಡ ಉಳಿಸುವುದು, ಹಳ್ಳದ ಮರಳು ಕಾಯುವುದು – ಈ ಕೆಲಸಕ್ಕೆ ಸಮಯ ಹೋಗುತ್ತದೆ, ಕೂಲಿ ಹೋಗುತ್ತದೆ, ಊರಿನಲ್ಲಿ ಕೆಲವರ ದ್ವೇಷವನ್ನೂ ಕಟ್ಟಿಕೊಳ್ಳಬೇಕಾಗುತ್ತದೆ. ಇಷ್ಟನ್ನು ಪುಕ್ಕಟೆಯಾಗಿ ಮಾಡಿರಿ ಎಂದು ಬಡವರಿಗೆ ಹೇಳುವುದು ಅನ್ಯಾಯ. ಹಕ್ಕಿನ ನೀರು ಹಕ್ಕಿನದೇ ಆಗಿರಲಿ. ಕಾಯುವ ಕೆಲಸಕ್ಕೆ ಬೇರೆಯಾಗಿ, ಹೆಚ್ಚಿನದಾಗಿ ಏನಾದರೂ ಸಿಗಲಿ: ಶಾಲೆಗೊಂದು ಮಳೆನೀರಿನ ಟಾಕಿ, ಅಂಗನವಾಡಿಗೊಂದು ಫ್ಲೋರೈಡ್ ತೆಗೆಯುವ ಯಂತ್ರ, ಕೆರೆಯ ಮೀನಿನ ಗುತ್ತಿಗೆ, ಸಂಘಕ್ಕೆ ಸಸಿ ಬೆಳೆಸುವ ಕೆಲಸ. ಈ ಎರಡನ್ನು ಕಲಸಲು ಯಾರಿಗೂ ಬಿಡಬೇಡಿ.

ಠರಾವು ಬರೆಯುವಾಗ ಆರು ಮಾತು

ಯಾವುದೇ ಸಂಸ್ಥೆ, ಇಲಾಖೆ, ಕಂಪನಿ ನಿಮ್ಮ ಊರಿಗೆ ಬಂದು “ಇದನ್ನು ಕಾಯಿರಿ, ಅದನ್ನು ಕೊಡುತ್ತೇವೆ” ಎಂದರೆ, ನಮ್ಮಂತಹ ಸಂಸ್ಥೆಯವರು ಬಂದರೂ ಸರಿ, ಈ ಆರು ಮಾತು ನಡಾವಳಿ ಪುಸ್ತಕದಲ್ಲಿ ಬರೆಸಿರಿ.

1. ಯಾರು ಒಪ್ಪಿದರು? ನಾಲ್ಕು ಮುಖಂಡರು ಚಾವಡಿಯಲ್ಲಿ ಕೂತು ಒಪ್ಪಿದರೆ ಅದು ಊರಿನ ಒಪ್ಪಿಗೆ ಅಲ್ಲ. ಗ್ರಾಮ ಸಭೆಯಲ್ಲಿ ಹೆಂಗಸರ, ದಲಿತ ಕೇರಿಯವರ, ಕುರಿ-ದನ ಮೇಯಿಸುವವರ, ಮೀನುಗಾರರ ಸಹಿ ಬೀಳಬೇಕು. ಕಾಯುವ ಜಾಗದ ಮೇಲೆ ಹೆಚ್ಚು ಅವಲಂಬಿಸಿರುವವರು ಅವರೇ.

2. ಏನನ್ನು ಕಾಯುವುದು? “ಪರಿಸರ ಕಾಯುತ್ತೇವೆ” ಎಂದು ಬರೆದರೆ ಉಪಯೋಗವಿಲ್ಲ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಎಲ್ಲಿಂದ ಎಲ್ಲಿಗೆ, ಎಷ್ಟು ವರ್ಷ ಎಂದು ಬರೆಯಬೇಕು. ಮಾಲಿಕತ್ವ ಬದಲಾಗುವುದಿಲ್ಲ ಎಂದೂ ಬರೆಯಬೇಕು.

3. ಏನನ್ನು ಬಿಡುವುದಿಲ್ಲ? ಒಣ ಕಟ್ಟಿಗೆ, ಹುಲ್ಲು, ಸೀತಾಫಲ, ದನಕ್ಕೆ ನೀರು ಕುಡಿಸುವುದು – ಬಡ ಹೆಂಗಸರ ಬದುಕಿಗೆ ಬೇಕಾದ ಯಾವ ಬಳಕೆ ಮುಂದುವರಿಯುತ್ತದೆ ಎಂದು ಸ್ಪಷ್ಟ ಇರಲಿ. ಇಲ್ಲದಿದ್ದರೆ ನಾಳೆ ಸೌದೆಯ ಹೊರೆ ತರುವವಳೇ ಮೊದಲ ಅಪರಾಧಿಯಾಗುತ್ತಾಳೆ.

4. ಏನು ಬರುತ್ತದೆ, ಯಾವಾಗ? ಟಾಕಿ ಎಷ್ಟು ಲೀಟರಿನದು, ನಳ ಯಾವ ಕೇರಿಯ ತನಕ, ಯಾವ ತಿಂಗಳೊಳಗೆ. ಊರಿನ ಕೊನೆಯ ಕೇರಿಗೆ ನೀರು ಮುಟ್ಟಿದ ಮೇಲೆಯೇ ಕೆಲಸ ಮುಗಿಯಿತು ಎಂದು ಸಹಿ ಹಾಕಬೇಕು.

5. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಇದನ್ನು ಎಲ್ಲರೂ ಮರೆಯುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಅಷ್ಟು ದೊಡ್ಡ ಅಣೆಕಟ್ಟಿಗೇ ದುರಸ್ತಿ ಬೇಕಾದರೆ ನಮ್ಮೂರ ಟಾಕಿಗೆ ಬೇಡವೇ? 150 ಮನೆಯವರು ತಿಂಗಳಿಗೆ 20 ರೂಪಾಯಿ ಹಾಕಿದರೆ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ ಆಗುತ್ತದೆ. ಲೆಕ್ಕ ಇಡುವುದು ಸಂಘದ ಹೆಂಗಸರಿಗೆ ಬರುತ್ತದೆ. ಆ ಪಾಸ್‌ಬುಕ್ ಸಂಘದ ಕೈಯಲ್ಲಿರಲಿ.

6. ಯಾರು ಪರೀಕ್ಷೆ ಮಾಡುತ್ತಾರೆ? ಕಾಯುತ್ತಿದ್ದಾರೋ ಇಲ್ಲವೋ ಎಂದು ಅವರು ನೋಡಲಿ. ನೀರು ಶುದ್ಧ ಇದೆಯೋ ಇಲ್ಲವೋ ಎಂದು ನಾವು ನೋಡಬೇಕು.

ಈ ಆರನೆಯ ಮಾತು ಜೀವದ ಪ್ರಶ್ನೆ. 2023ರ ಜೂನ್ ತಿಂಗಳಲ್ಲಿ ಕನಕಗಿರಿ ತಾಲ್ಲೂಕಿನ ಬಸರಿಹಾಳ ಮತ್ತು ಕುಷ್ಟಗಿ ತಾಲ್ಲೂಕಿನ ಬಿಜಕಲ್ ಗ್ರಾಮಗಳಲ್ಲಿ ವಾಂತಿಭೇದಿಯಿಂದ ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಕಲುಷಿತ ನೀರಿನ ಕಡೆಗೇ ಎಲ್ಲರ ಬೊಟ್ಟು ಹೋಯಿತು. ನಳ ಬಂದ ಮಾತ್ರಕ್ಕೆ ನೀರು ಶುದ್ಧ ಅಲ್ಲ ಎಂದು ನಮ್ಮ ಜಿಲ್ಲೆ ಬಹಳ ಬೆಲೆ ಕೊಟ್ಟು ಕಲಿತಿದೆ. ಪೈಪು ಗಟಾರದೊಳಗೆ ಹಾಯ್ದು ಬಂದಿದ್ದರೆ, ಅದು ಒಂದು ಕಡೆ ಒಡೆದರೆ ಸಾಕು. ಜಲ ಜೀವನ್ ಮಿಷನ್ ಮಾರ್ಗಸೂಚಿಯಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕು ಎಂದಿದೆ. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದೂ ಇದೆ. ಆ ಐದು ಜನ ನಿಮ್ಮೂರಲ್ಲಿ ಯಾರು? ಆ ಕಿಟ್ ಎಲ್ಲಿದೆ? ಇದನ್ನು ಮುಂದಿನ ಸಭೆಯೊಳಗೆ ತಿಳಿದುಕೊಂಡು ಬರ್ರಿ.

ಯಾರನ್ನೂ ಕೇಳದೆ ಮಾಡಬಹುದಾದದ್ದು

ಒಂದು ಲೆಕ್ಕ ಮಾಡೋಣ. 16 ಅಡಿ ಅಗಲ, 20 ಅಡಿ ಉದ್ದದ ಮನೆಯ ಮಾಳಿಗೆ. ಅಂದರೆ 320 ಚದರ ಅಡಿ, ಸುಮಾರು 30 ಚದರ ಮೀಟರ್. ನಮ್ಮ ಕಡೆ ಮಳೆ ಕಡಿಮೆ, ವರ್ಷಕ್ಕೆ 500 ಮಿ.ಮೀ. ಎಂದೇ ಹಿಡಿಯೋಣ. ಆ ಮಾಳಿಗೆಯ ಮೇಲೆ 15,000 ಲೀಟರ್ ನೀರು ಬೀಳುತ್ತದೆ. ಮೊದಲ ಮಳೆಯ ಕೊಳೆ ನೀರು, ಆವಿಯಾಗುವ ನೀರು ಎಂದು ಐದರಲ್ಲಿ ಒಂದು ಪಾಲು ಬಿಟ್ಟರೂ 12,000 ಲೀಟರ್. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ 9,125 ಲೀಟರ್ ಸಾಕು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಇಷ್ಟು ನೀರನ್ನು ಹಿಡಿದಿಡಲು ದೊಡ್ಡ ಟಾಕಿ ಬೇಕು, ಹಣ ಬೇಕು, ನಿಜ. ಎಲ್ಲರಿಗೂ ಒಮ್ಮೆಲೆ ಆಗುವುದಿಲ್ಲ. ಆದರೆ ಸಣ್ಣ ಮಕ್ಕಳಿರುವ, ಬಸುರಿ-ಬಾಣಂತಿಯರಿರುವ ಮನೆಗಳಿಂದ ಶುರು ಮಾಡಬಹುದು. ಸಂಘದ ಸಾಲವನ್ನು ಸೀರೆಗೆ, ಜಾತ್ರೆಗೆ ಕೊಡುತ್ತೇವೆ. ಟಾಕಿಗೂ ಕೊಡಬಹುದಲ್ಲವೇ? ಟಾಕಿಗೆ ಮುಚ್ಚಳ, ಬಾಯಿಗೆ ಜಾಳಿಗೆ, ಕುಡಿಯುವ ಮೊದಲು ಕಾಸುವುದು – ಈ ಮೂರು ಮರೆಯಬಾರದು.

ಊರಿನಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಅದರಿಂದ ಹೊರಬೀಳುವ ಬೇಡದ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಅದರಲ್ಲಿ ಫ್ಲೋರೈಡ್ ಇನ್ನೂ ಹೆಚ್ಚು ಇರುತ್ತದೆ. ಅದನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಿ. ಕುಡಿಯುವ ಬಾವಿಯ ಹತ್ತಿರ, ದನದ ತೊಟ್ಟಿಗೆ ಬಿಡಬೇಡಿ.

ಕಡೆಯದಾಗಿ

ಹನಿಗೂಡಿದರೆ ಹಳ್ಳ ಎಂದು ನಾವು ಉಳಿತಾಯಕ್ಕೆ ಹೇಳುತ್ತ ಬಂದಿದ್ದೇವೆ. ಈ ಗಾದೆ ಹುಟ್ಟಿದ್ದೇ ನೀರಿನಿಂದ. ಮುಂದೊಂದು ದಿನ ಹೊಳೆಗೆ, ಗುಡ್ಡಕ್ಕೆ, ಕೆರೆಗೆ ಸಂಬಂಧಿಸಿದ ಒಂದು ಕಾಗದ ನಿಮ್ಮೂರಿಗೂ ಬರಬಹುದು. ಆ ದಿನ “ಸಹಿ ಎಲ್ಲಿ ಹಾಕಬೇಕ್ರಿ?” ಎಂದು ಮಾತ್ರ ಕೇಳಬೇಡಿ. ನಾವು ಏನು ಕಾಯುತ್ತೇವೆ, ನಮಗೆ ಏನು ಬರುತ್ತದೆ, ಅದು ಎಲ್ಲಿ ಬರೆದಿದೆ ಎಂದು ಕೇಳಿರಿ. ವಿರುಪಾಪುರಗಡ್ಡೆಯ ವಿಷಯದಲ್ಲಿ ತಡವಾಯಿತು. ನಿಮ್ಮ ಕೆರೆ, ನಿಮ್ಮ ಹಳ್ಳದ ವಿಷಯದಲ್ಲಿ ಇನ್ನೂ ತಡವಾಗಿಲ್ಲ.



ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಊರಿನ ಕುಡಿಯುವ ನೀರಿನ ಮೂಲ ಯಾವುದು? ಫ್ಲೋರೈಡ್ ಪರೀಕ್ಷೆ ಕಡೆಯದಾಗಿ ಯಾವಾಗ ಆಯಿತು?

2. ಆ ಮೂಲವನ್ನು ಹಾಳು ಮಾಡುತ್ತಿರುವ ಒಂದು ಸಂಗತಿ ಯಾವುದು? ಅದನ್ನು ತಡೆಯಲು ಸಂಘ ಏನು ಮಾಡಬಹುದು?

3. ನಾವು ಕಾಯಬಹುದಾದ ಒಂದು ಜಾಗ ಯಾವುದು? ಅದಕ್ಕೆ ಪ್ರತಿಯಾಗಿ ನಮ್ಮೂರಿಗೆ ಮೊದಲು ಬೇಕಾದದ್ದು ಏನು?

4. ಮುಂದಿನ ಗ್ರಾಮ ಸಭೆಯಲ್ಲಿ ಈ ಠರಾವನ್ನು ಓದುವವರು ಯಾರು?